ಸ್ಟ್ರಾಬೆರಿಗೆ ಕಾಮಕಸ್ತೂರಿಯ ಕಾವಲು

ಹೇಳಿಕೊಳ್ಳಲು ನಾಚಿಕೆಯೇ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ಆದರೂ ಕೊಪ್ಪದ ನಮ್ಮ ತಾರಸಿಯಲ್ಲಿ ಕುಂಡಗಳಲ್ಲಿ ಬೆಳೆಸಿದ ಸ್ಟ್ರಾಬೆರಿ ಗಿಡಗಳ ಎಲೆ ಸಂಕ್ರಾಂತಿಯ ಹೊತ್ತಿಗೆ ಮಂಕಾದಾಗ, ರಸ್ತೆಯ ಧೂಳು ಕೂತಿದೆ ಎಂದುಕೊಂಡು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅದೂ ಎಲೆಯ ಮೇಲ್ಭಾಗ ಮಾತ್ರ. ಅಡಿಯಲ್ಲಿ ಸಂಸಾರ ಹೂಡಿದ್ದವರು ನನ್ನ ಸೇವೆಗೆ ಸಂತೋಷಪಟ್ಟಿರಬೇಕು.

ಕೊನೆಗೆ ನನ್ನ ಹೆಂಡತಿ ಸಾವಿತ್ರಿ ಒಂದು ಎಲೆ ಮಗುಚಿ, ಭೂತಗನ್ನಡಿಯನ್ನು ಕೈಗಿತ್ತಳು. ಸೂಜಿಮೊನೆಯಷ್ಟು ಜೀವಗಳು, ಎಂಟೆಂಟು ಕಾಲು, ಸುತ್ತ ನವಿರಾದ ಬಲೆ. ನುಸಿ! ನುಸುಳಿ ಬರುವುದರಿಂದಲೇ ಆ ಹೆಸರು ಬಂತೋ ಏನೋ ಎಂದು ನಾನು ಗಟ್ಟಿಯಾಗಿಯೇ ಯೋಚಿಸುತ್ತಾ ನಿಂತೆ.

"ಹೆಸರಿನ ವಿಚಾರ ಆಮೇಲೆ ನೋಡುವಾ. ಮೊದಲು ಕಿಗ್ಗದ ಅತ್ತಿಗೆಯನ್ನ ಕೇಳಿ" ಎಂದಳು.

ತೊಡಕಿದ್ದದ್ದೇ ಅಲ್ಲಿ. ನನ್ನ ಅಣ್ಣನ ಹೆಂಡತಿ ತರಕಾರಿ ಸಾಲುಗಳ ನಡುವೆ ಪುದೀನ, ಕಾಮಕಸ್ತೂರಿ ನೆಡುವವರು. ಆ ಘಾಟಿಗೆ ಹುಳುಹುಪ್ಪಟೆಗೆ ದಾರಿ ತಪ್ಪುತ್ತದೆ ಎಂಬುದು ಅವರ ಅನುಭವ. ಎರಡು ವರ್ಷದ ಹಿಂದೆ ಒಂದು ಉಪನಯನದ ಊಟಕ್ಕೆ ಕೂತಾಗ ನಾನು, "ಅತ್ತಿಗೆ ಬದನೆಗಿಡಕ್ಕೆ ಊದುಬತ್ತಿ ಹಚ್ಚುವುದೊಂದು ಬಾಕಿ" ಎಂದಿದ್ದೆ. ಪಂಕ್ತಿಯೇ ನಕ್ಕಿತು. ಬಡಿಸುತ್ತಿದ್ದ ಅತ್ತಿಗೆ ಮಾತ್ರ ನಗಲಿಲ್ಲ. ಅಂದಿನಿಂದ ನನ್ನ ಯೋಗಕ್ಷೇಮವನ್ನೂ ಅವರು ಸಾವಿತ್ರಿಗೆ ಫೋನ್ ಮಾಡಿಯೇ ವಿಚಾರಿಸುತ್ತಿದ್ದರು.

ಮೂರು ಗಿಡ ಒಣಗಿದ ಮೇಲೆ ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಕಿಗ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಚಂದದ ವಾಕ್ಯಗಳನ್ನು ಕಟ್ಟಿದ್ದೆ. ಅಂಗಳದಲ್ಲಿ ಅವರನ್ನು ಕಂಡದ್ದೇ ಎಲ್ಲ ಮರೆತು, "ಅತ್ತಿಗೆ, ಅವತ್ತು ಹಾಗೆ ಅನ್ನಬಾರದಿತ್ತು. ಈಗ ನನ್ನ ಗಿಡಕ್ಕೆ ನುಸಿ" ಎಂದುಬಿಟ್ಟೆ.

ಅವರು ನನ್ನನ್ನೇ ನೋಡಿದರು. "ನುಸಿ ಬರದಿದ್ರೆ ನೀನೂ ಬರ್ತಿರ್ಲಿಲ್ಲ, ಅಲ್ವಾ ಮಾರಾಯ?"

"ಹೌದು" ಎಂದೆ. ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಆಮೇಲೆ ಪುದೀನದ ಬೇರು, ಕಾಮಕಸ್ತೂರಿಯ ಸಸಿಗಳನ್ನು ಕಿತ್ತು ಬಾಳೆಎಲೆಯಲ್ಲಿ ಸುತ್ತಿದರು. "ಇದು ಮಂತ್ರ ಅಲ್ಲ. ಹಾಳಾದ ಎಲೆ ತೆಗಿ, ಎಲೆಯ ಅಡಿಗೆ ನೀರು ಹೊಡಿ. ಪುದೀನ ಬೇರೆ ಕುಂಡದಲ್ಲೇ ಇರ್ಲಿ, ಇಲ್ಲದಿದ್ರೆ ನಿನ್ನ ಸ್ಟ್ರಾಬೆರಿಯನ್ನ ಅದೇ ನುಂಗ್ತದೆ" ಎಂದರು.

ನುಸಿ ಪೂರ್ತಿ ಹೋಗಲಿಲ್ಲ, ಆದರೆ ಹೊಸ ಎಲೆಗಳು ಹಸಿರಾಗಿಯೇ ಬಂದವು. ಇದು ಪರಿಮಳದ ಮಹಿಮೆಯೋ ನೀರಿನದೋ ಎಂದು ನನ್ನೊಳಗಿನ ಮೇಷ್ಟ್ರು ಪ್ರಶ್ನೆ ಎತ್ತಿದರು. ಅವರನ್ನು ಕೂರಿಸಿದೆ.

ಶಿವರಾತ್ರಿ ಕಳೆದ ಮೇಲೆ ಅತ್ತಿಗೆ ಬಂದರು. ಹಣ್ಣೊಂದನ್ನು ತಿಂದು "ಹುಳಿ" ಎಂದರು. ಇನ್ನೊಂದು ತಿಂದರು. ಹೊರಡುವಾಗ ಸ್ಟ್ರಾಬೆರಿ ಗಿಡ ಚಾಚಿದ್ದ ಬಳ್ಳಿಯ ತುದಿಯಲ್ಲಿ ಬೇರು ಬಿಟ್ಟಿದ್ದ ಮರಿಗಿಡವನ್ನು ತೋರಿಸಿ, "ಇದನ್ನ ಹ್ಯಾಗೆ ನೆಡೂದು? ಸ್ವಲ್ಪ ಹೇಳಿಕೊಡು ಮಾರಾಯ" ಎಂದರು.

ಮಣ್ಣು ಮುಟ್ಟಿಯೇ ಅರವತ್ತು ದಾಟಿದವರು ಅವರು. ಒಂದು ಸಸಿ ನೆಡಲು ನನ್ನ ಪಾಠ ಬೇಕಿರಲಿಲ್ಲ. ಆದರೂ ನಾನು ಮಣ್ಣು, ಬಿಸಿಲು, ನೀರು ಎಂದು ಗಂಭೀರವಾಗಿ ವಿವರಿಸಿದೆ. ಅವರು ತಲೆಯಾಡಿಸುತ್ತಾ, ನಡುವೆ ಒಂದು ಮಾತೂ ಆಡದೆ, ಕೊನೆಯವರೆಗೂ ಕೇಳಿದರು. ಕ್ಷಮಿಸಿದ್ದೇನೆ ಎಂಬುದನ್ನು ಹೀಗೂ ಹೇಳಬಹುದೆಂದು ನನಗೆ ಗೊತ್ತಾದದ್ದು ಆಗಲೇ.