ಮುಂದಿನದು ನಿಮ್ದು

ಈ ಪರದೇಶದಲ್ಲಿ ನಮ್ಮದು ಹತ್ತಾರು ಮನೆಗಳ ಶರಣ ಬಳಗ. ಭಾನುವಾರ ಸಂಜೆ ಒಬ್ಬೊಬ್ಬರ ಫ್ಲ್ಯಾಟಿನಲ್ಲಿ ಸೇರುತ್ತೇವೆ. ಇಷ್ಟಲಿಂಗ ಪೂಜೆ, ವಚನ, ಆಮೇಲೆ ಊಟ. ಮಣೆಯ ಮೇಲೆ ಕೂತು ಎಲ್ಲ ನಡೆಸುತ್ತಿದ್ದವರು ಬಳಗ ಕಟ್ಟಿದ, ಬಿಶಾನ್ ಬಡಾವಣೆಯ ಅಂಕಲ್. ಅವರು ಮರೆತ ಸಾಲನ್ನು ಪಕ್ಕದಿಂದ ಮೆಲ್ಲಗೆ ಎತ್ತಿಕೊಡುತ್ತಿದ್ದವರು ಅವರ ಹೆಂಡತಿ, ನಮ್ಮೆಲ್ಲರ ಆಂಟಿ.

ಆ ಭಾನುವಾರ ಆಂಟಿಗೆ ಮಂಡಿನೋವು, ಬಂದಿರಲಿಲ್ಲ. ಎಂಆರ್‌ಟಿ ರೈಲಿನಲ್ಲಿ ನಾನೂ ಅಂಕಲೂ ಇಬ್ಬರೇ ವಾಪಸು ಹೊರಟೆವು. ನಾನು ಮೊಬೈಲಿನಲ್ಲಿ ಮುಳುಗಿದ್ದೆ. ಅಂಕಲ್ ಭುಜ ತಟ್ಟಿ, "ಮುಂದಿನದು ನಿಮ್ದು" ಅಂದರು. ಆಂಗ್ ಮೋ ಕಿಯೋದಲ್ಲಿ ನಾನು ಇಳಿದೆ. ಎರಡು ದಿನಕ್ಕೆ ಅವರ ಹೃದಯ ನಿಂತಿತು.

ಶವದ ಮುಂದೆ ಯಾರೋ ಕೇಳಿದರು: "ಲಾಸ್ಟ್ ಸಂಡೇ ನಿಮ್ ಜೊತೆನೇ ಇದ್ರಲ್ಲ, ಏನಾದ್ರೂ ಅಂದ್ರಾ?"

"'ಮುಂದಿನದು ನಿಮ್ದು' ಅಂದ್ರು," ಎಂದೆ. ಎಲ್ಲಿ ಅಂದರು ಎಂದು ಹೇಳುವಷ್ಟರಲ್ಲಿ ಹಿರಿಯರೊಬ್ಬರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನನ್ನ ಬಾಯಿಗೆ ಬೀಗ ಬಿತ್ತು. ಹಿತವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಮುಂದಿನ ವಾರ ಮಣೆಯ ಮೇಲೆ ನಾನಿದ್ದೆ. ಆಂಟಿ ಇರುವಾಗ ಇವರ್ಯಾಕೆ ಎಂದು ಎರಡು ಮನೆಯವರು ಬರುವುದನ್ನೇ ಬಿಟ್ಟರು.

ಪಾಯಾ ಲೆಬಾರ್‌ನ ನಮ್ಮ ಆಫೀಸಿನಲ್ಲಿ ಒಬ್ಬ ಅಮೆರಿಕನ್ ಹೆಂಗಸಿದ್ದಾಳೆ. ಅವಳ ಅಜ್ಜಿ ಹುಟ್ಟಿದ್ದು ಮಾರ್ಮನ್ ಎಂಬ ಕ್ರೈಸ್ತ ಪಂಥದ ಮೂಲಭೂತವಾದಿಗಳ ಒಂದು ಊರಿನಲ್ಲಿ. ಅಲ್ಲಿ ಗಂಡಸಿಗೆ ಹಲವು ಹೆಂಡಿರು, ಮುಖಂಡನ ಮಾತೇ ದೇವರ ಮಾತು. ಆ ಮುಖಂಡ ಸತ್ತಾಗ ಇಬ್ಬರು ಎದ್ದು ನಿಂತರಂತೆ, ಇಬ್ಬರದೂ ಒಂದೇ ಮಾತು: ಯಾರೂ ಇಲ್ಲದಾಗ ನನ್ನ ತಲೆ ಮೇಲೆ ಕೈಯಿಟ್ಟು ಪಟ್ಟ ನನಗೇ ಒಪ್ಪಿಸಿದ್ದಾನೆ. ಸಾಕ್ಷಿಯಿಲ್ಲ. ಊರು ಎರಡು ಹೋಳಾಯಿತು. ಅಜ್ಜಿ ಒಂದು ಕಡೆ, ಅವಳ ತಂಗಿ ಇನ್ನೊಂದು ಕಡೆ, ಸಾಯುವವರೆಗೂ ಮಾತಿಲ್ಲ.

ಸುಳ್ಳು ಹೇಳಿದ್ದು ಯಾರು ಎಂದು ಕೇಳಿದೆ. ಇಬ್ಬರೂ ಹೇಳಿರಲಿಕ್ಕಿಲ್ಲ, ತಮಗೆ ಬೇಕಾದದ್ದನ್ನು ಕೇಳಿಸಿಕೊಂಡಿದ್ದರು ಎಂದಳು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಅದಾದ ಭಾನುವಾರ ರೈಲಿನಲ್ಲಿ ಆಂಟಿ ನನ್ನ ಪಕ್ಕ ಕೂತಿದ್ದರು. ಪೂಜೆಯಲ್ಲಿ ನಾನು ಮರೆತ ಸಾಲುಗಳನ್ನೂ ಅವರೇ ಎತ್ತಿಕೊಟ್ಟಿದ್ದರು. ನಾನು ಮೊಬೈಲ್ ನೋಡುತ್ತಿದ್ದೆ. ಭುಜದ ಮೇಲೆ ಮೆಲ್ಲಗೆ ಕೈ ಬಿತ್ತು.

"ಮುಂದಿನದು ನಿಮ್ದು."

ತಲೆಯೆತ್ತಿದೆ.

"ನಮ್ಮನೆಯವ್ರು ಪ್ರತಿ ವಾರ ಹಿಂಗೇ ಅಂತಿದ್ರಲ್ಲ. ನೀವು ಫೋನ್ ನೋಡ್ತಾ ಸ್ಟಾಪ್ ಮಿಸ್ ಮಾಡ್ಕೋತೀರಂತ."

"ನಿಮಗೆ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ, ಆಂಟಿ?"

"ನೀವೇ ಹೇಳ್ತೀರಂತ ಕಾಯ್ತಿದ್ದೆ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಂಗ್ ಮೋ ಕಿಯೋ ಬಂತು, ಬಾಗಿಲು ತೆರೆದು ಮುಚ್ಚಿತು. ನಾನು ಏಳಲಿಲ್ಲ. ಬಳಗದ ಗ್ರೂಪಿನಲ್ಲಿ ಟೈಪ್ ಮಾಡಿದೆ: ಅಂಕಲ್ ನನಗೆ ಕೊಟ್ಟದ್ದು ಮಣೆಯಲ್ಲ, ನಾನು ಇಳಿಯಬೇಕಾದ ಸ್ಟೇಷನ್.