ಹಲ್ಲಕ್ಕನ ಹತ್ತು ಸೂಜಿ

ಊರಿನ ಅರ್ಧ ಮುದುಕರು ನಗುತ್ತಿದ್ದದ್ದು ಹಲ್ಲಕ್ಕ ಮಾಡಿಕೊಟ್ಟ ಹಲ್ಲಿನಲ್ಲೇ. ಇದೇನು ಬಡಾಯಿ ಮಾತಲ್ಲ. ಮೋಟಾರ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕಟ್ಟುಹಲ್ಲು ತಯಾರಿಸುವ ಲ್ಯಾಬ್ ಒಂದಿತ್ತು. ಲ್ಯಾಬ್ ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ: ಆರು ಮೇಜು, ಮೇಣ ಕರಗಿಸಲು ಆರು ಸ್ಪಿರಿಟ್ ದೀಪ, ಮೂಲೆಯಲ್ಲಿ ಪ್ಲಾಸ್ಟರ್ ಚೀಲಗಳು, ಎಲ್ಲರ ಹುಬ್ಬಿನ ಮೇಲೂ ಬಿಳಿ ಧೂಳು. ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚು ನೋಡಿಯೇ ಹಲ್ಲಕ್ಕ, "ಈ ಯಜಮಾನ್ರು ಬರೀ ಎಡಗಡೆ ಅಗೀತಾರೆ. ಈಯಮ್ಮ ನಿದ್ದೇಲಿ ಹಲ್ಲು ಕಡೀತಾಳೆ, ಪಾಪ ಅವಳ ಗಂಡ" ಎಂದು ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು. ಹೇಳಿದ್ದು ಹೆಚ್ಚಾಗಿ ನಿಜವೂ ಆಗಿರುತ್ತಿತ್ತು.

ಆ ಲ್ಯಾಬಿನಲ್ಲೊಂದು ಕಟ್ಟಳೆ. ಮುಂದಿನ ಹಲ್ಲು ಮಾಡುವವರಿಗೆ ಕಿಟಕಿ ಪಕ್ಕದ ಮೇಜು, ದವಡೆ ಹಲ್ಲಿನವರಿಗೆ ಗೋಡೆ ಪಕ್ಕದ್ದು. ಕೈ ಇನ್ನೂ ಪಳಗದವರು, ಇಲ್ಲವೇ ಕೈ ಕೆಟ್ಟವರು, ಪ್ಲಾಸ್ಟರ್ ಕಲಸುತ್ತ ಮೂಲೆಯಲ್ಲಿ ನಿಲ್ಲಬೇಕು. ಹಲ್ಲಕ್ಕ ಹತ್ತೊಂಬತ್ತು ವರ್ಷ ಕಿಟಕಿ ಪಕ್ಕ ಕೂತವಳು. ಕೋರೆಹಲ್ಲಿನ ತುದಿಯನ್ನು ಕೂದಲೆಳೆಯಷ್ಟು ಓರೆ ಮಾಡಿ, ಹಲ್ಲು ಹುಟ್ಟಿದಾಗಿನಿಂದ ಅಲ್ಲೇ ಇತ್ತೇನೋ ಅನ್ನಿಸುವಂತೆ ಕೆತ್ತುವ ಕೈ ಅವಳದು. ಆ ಮೇಜಿನ ಮೇಲೆ ಬೇರೆಯವರು ಟೀ ಲೋಟ ಇಟ್ಟರೂ ಸಿಡಿದುಬೀಳುತ್ತಿದ್ದಳು.

ನಲವತ್ತೆರಡಕ್ಕೆ ಬೆರಳುಗಳು ತಿರುಗಿಬಿದ್ದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ಗೆಣ್ಣುಗಳು ಊದಿಕೊಂಡು ಮುಟ್ಟಿದರೆ ಬಿಸಿ. ಹತ್ತು ಗಂಟೆ ದಾಟಿದ ಮೇಲೆ ಚೂರು ಸಡಿಲವಾಗುತ್ತಿದ್ದವು. ಎರಡು ವರ್ಷ ಥರಾವರಿ ಮಾತ್ರೆ ನುಂಗಿದ್ದಾಯಿತು. ಅಷ್ಟರಲ್ಲಿ ಮೇಣದ ಮೇಲೆ ಚಾಕು ಜಾರತೊಡಗಿತು, ಒಬ್ಬ ಮೇಷ್ಟರ ಮುಂದಿನ ಹಲ್ಲು ಸೊಟ್ಟಗಾಗಿ ವಾಪಸ್ ಬಂತು. ಲ್ಯಾಬಿನ ಯಜಮಾನ ಕೆಟ್ಟವನೇನಲ್ಲ, ಆದರೆ ವ್ಯಾಪಾರಿ. "ಹಲ್ಲಕ್ಕ, ಸ್ವಲ್ಪ ದಿನ ದವಡೆ ಹಲ್ಲು ನೋಡ್ಕೊಳ್ಳಿ, ಕೈ ಸರಿಹೋದ್ಮೇಲೆ ನಿಮ್ಮ ಜಾಗ ನಿಮಗೇ" ಎಂದ. ಹಲ್ಲಕ್ಕ ತನ್ನ ಚಾಕು, ದೀಪ ಎತ್ತಿಕೊಂಡು ಗೋಡೆ ಪಕ್ಕಕ್ಕೆ ಹೋಗಿ ಕೂತಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೊನೆಗೆ ವಿಷಯ ಬಿಡಿಸಿ ಹೇಳಿದರು. "ನೋಡಿಯಮ್ಮ, ನಮ್ಮ ಮೈಯೊಳಗೆ ಕಾವಲುಗಾರ ಕಣಗಳಿರ್ತವೆ. ರೋಗಾಣು ಬಂದ್ರೆ ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಸಣ್ಣ ಸಣ್ಣ ಪ್ರೋಟೀನ್ ಬಿಡ್ತವೆ. ಸೈಟೊಕೈನ್ ಅಂತೀವಿ. ಸುದ್ದಿ ಸಿಕ್ಕಿದ ಕೂಡ್ಲೇ ಎಲ್ಲ ಓಡಿ ಬರ್ತವೆ, ಅಲ್ಲಿ ಊತ, ಬಿಸಿ, ನೋವು. ನಿಮ್ಮ ಗೆಣ್ಣಲ್ಲಿ ರೋಗಾಣು ಇಲ್ಲ, ಆದ್ರೂ ಸುದ್ದಿ ನಿಲ್ತಾ ಇಲ್ಲ. ಬಂದವು ಸುಮ್ನೆ ಕೂರಲ್ಲ, ನಿಮ್ಮ ಎಲುಬನ್ನೇ ಕೊರೀತವೆ."

"ಹಾಗಾದ್ರೆ ನಮ್ಮ ಅತ್ತಿಗೆ ಥರ" ಎಂದಳು ಹಲ್ಲಕ್ಕ. "ಏನೂ ಆಗಿರಲ್ಲ, ಮನೆಮನೆಗೂ ಫೋನ್ ಮಾಡಿ ಎಲ್ಲರನ್ನೂ ಸೇರಿಸಿಬಿಡ್ತಾಳೆ."

ಡಾಕ್ಟರಮ್ಮ ನಕ್ಕುಬಿಟ್ಟರು. "ಅದೇ ಅನ್ಕೊಳ್ಳಿ. ಆ ಸುದ್ದಿಗಾರರಲ್ಲಿ ಟಿಎನ್ಎಫ್ ಅಂತ ಒಬ್ಬ ಇದಾನೆ, ಅವನದೇ ಜೋರು. ಈ ಇಂಜೆಕ್ಷನ್ ಅವನನ್ನ ದಾರೀಲೇ ಹಿಡ್ಕೊಳ್ಳುತ್ತೆ. ಇದೂ ಪ್ರೋಟೀನೇ. ಹದಿನೈದು ದಿನಕ್ಕೊಂದು. ಎಲುಬು ಸವೆಯೋಕೆ ಮುಂಚೆ ತಡೀಬೇಕು, ಸವೆದದ್ದನ್ನ ಯಾರೂ ವಾಪಸ್ ತರೋಕಾಗಲ್ಲ." ಆಸ್ಪತ್ರೆಯ ಉಚಿತ ಯೋಜನೆಯಲ್ಲಿ ಅಂಥ ಔಷಧಿ ಇದ್ದದ್ದು ಅದೊಂದೇ. ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ರೋಗಿಯ ಹೆಸರು ಹೊಡೆದು ಹಾಕುತ್ತಾರೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಮೊದಲೆರಡು ಸೂಜಿ ಆಸ್ಪತ್ರೆಯಲ್ಲೇ ನರ್ಸ್ ಚುಚ್ಚಿದಳು. ಅಬ್ಬಾ, ಏನು ಹೇಳುವುದು! ಮೂರನೇ ವಾರಕ್ಕೆ ಊತ ಇಳಿಯಿತು, ಬೆಳಿಗ್ಗೆ ಎದ್ದವಳೇ ಮುಷ್ಟಿ ಕಟ್ಟಿ ಗಂಡನ ಬೆನ್ನಿಗೊಂದು ಗುದ್ದಿ, "ಎದ್ದೇಳ್ರೀ, ಕೈ ಬಂತು" ಎಂದಳು. ಲ್ಯಾಬಿನ ಯಜಮಾನ ಪರೀಕ್ಷೆಗೆಂದು ಒಂದು ಮುಂದಿನ ಹಲ್ಲು ಕೊಟ್ಟ. ಅವಳು ಕೆತ್ತಿದ್ದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸೋಮವಾರದಿಂದ ಕಿಟಕಿ ಪಕ್ಕ" ಎಂದ.

ಪ್ರತಿ ಸಲ ಕೆಲಸ ಬಿಟ್ಟು ಬರುವ ತಾಪತ್ರಯ ಬೇಡವೆಂದು ಆಸ್ಪತ್ರೆಯವರು ಉಳಿದ ಹತ್ತು ಸೂಜಿಯನ್ನು ಒಟ್ಟಿಗೇ ಕೊಟ್ಟರು. ಚುಚ್ಚುವುದನ್ನು ಗಂಡನಿಗೆ ಕಲಿಸಿದರು. "ತಣ್ಣಗಿಡಿ, ಹೇಗೆ ಅಂತ ಚೀಟಿಯಲ್ಲಿದೆ, ಓದ್ಕೊಳ್ಳಿ" ಎಂದಳು ನರ್ಸ್, ಹಿಂದೆ ಸಾಲಿನಲ್ಲಿದ್ದವರನ್ನು ಕರೆಯುವ ಗಡಿಬಿಡಿಯಲ್ಲಿ.

ಆಗ ಗಂಡನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವನು ಇಪ್ಪತ್ತೈದು ವರ್ಷದಿಂದ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವವನು, ಎಲ್ಲರಿಗೂ ಐಸಣ್ಣ. ಹೆಂಡತಿ ಎರಡು ವರ್ಷ ನರಳಿದಾಗ ಬಿಸಿನೀರು ಕಾಯಿಸುವುದು ಬಿಟ್ಟು ಅವನಿಗೆ ಬೇರೇನೂ ತೋಚಿರಲಿಲ್ಲ. ಈಗ ಅವನ ಕಸುಬಿನ ಕೆಲಸವೇ ಕೈಗೆ ಬಂದಿತ್ತು. "ತಣ್ಣಗಿಡೋದು ನನಗೆ ಹೇಳ್ಕೊಡ್ತಾರಂತೆ" ಎಂದು ಚೀಟಿಯನ್ನು ಜೇಬಿಗೆ ತುರುಕಿದ. ಮನೆಯ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಕರೆಂಟೂ ಹೋಗಿ ಬಂದು ಮಾಡುತ್ತಿತ್ತು. "ಇಂಥಾ ಔಷಧೀನ ಈ ಡಬ್ಬಾದಲ್ಲಿಡ್ತಾರಾ? ನಮ್ಮ ಸ್ಟೋರೇಜಲ್ಲಿಡ್ತೀನಿ, ಒಂದೊಂದಾಗಿ ತರ್ತೀನಿ."

ಅಲ್ಲೂ ಒಂದು ಕಟ್ಟಳೆಯಿತ್ತು. ಹಣ್ಣಿಗೆ ಮುಂದಿನ ಕೋಣೆ, ನಾಲ್ಕು ಡಿಗ್ರಿ. ಬೆಣ್ಣೆಗೆ ಅದರ ಹಿಂದಿನದು. ಬೆಲೆಬಾಳುವ ಸರಕು, ಹಡಗಿಗೆ ಹೋಗುವ ಸಿಗಡಿ, ಎಲ್ಲಕ್ಕಿಂತ ಒಳಗಿನ ಕೋಣೆಗೆ, ಮೈನಸ್ ಹದಿನೆಂಟಕ್ಕೆ. ಸರಕು ಅಮೂಲ್ಯವಾದಷ್ಟೂ ಒಳಕೋಣೆ. ಐಸಣ್ಣನ ಕೈಗೆ ಇಪ್ಪತ್ತೈದು ವರ್ಷದ ರೂಢಿ ಅದು. ಹೆಂಡತಿಯ ಬೆರಳಿಗಿಂತ ಅಮೂಲ್ಯ ಅವನಿಗೆ ಬೇರೆ ಯಾವುದಿತ್ತು? ಯಾವ ಕೋಣೆ ಎಂದು ಹಲ್ಲಕ್ಕನೂ ಕೇಳಲಿಲ್ಲ.

ಹದಿನೈದು ದಿನಕ್ಕೊಮ್ಮೆ ಅವನು ಊಟದ ಚೀಲದಲ್ಲಿ ಬಟ್ಟೆ ಸುತ್ತಿ ಒಂದು ಸೂಜಿ ತರುತ್ತಿದ್ದ. ಮನೆ ಮುಟ್ಟುವಷ್ಟರಲ್ಲಿ ಕರಗಿರುತ್ತಿತ್ತು. ಒಳಗೆ ಒಂದಿಷ್ಟು ಬೆಳ್ಳನೆಯ ಚೂರು ತೇಲುತ್ತಿದ್ದವು, ನಿಜ. ಆದರೆ ಮೊದಲೆರಡನ್ನು ಚುಚ್ಚುವಾಗ ಹೆದರಿ ಕಣ್ಣು ಮುಚ್ಚಿಕೊಂಡಿದ್ದವಳಿಗೆ ಅದು ಇರಬೇಕಾದ್ದೋ ಇರಬಾರದ್ದೋ ಹೇಗೆ ಗೊತ್ತಾಗಬೇಕು? ಅವನು ತೊಡೆಗೆ ಮೆತ್ತಗೆ ಚುಚ್ಚಿ, "ನೋವಾಯ್ತಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದ.

ಎರಡನೇ ತಿಂಗಳಿಗೆ ಊತ ಮರಳಿತು. ಮೂರಕ್ಕೆ ಬೆರಳುಗಳು ಒಂದು ಪಕ್ಕಕ್ಕೆ ವಾಲತೊಡಗಿದವು. ಕಿಟಕಿಯಿಂದ ಮತ್ತೆ ಗೋಡೆಗೆ, ಗೋಡೆಯಿಂದ ಪ್ಲಾಸ್ಟರಿನ ಮೂಲೆಗೆ. ನಿನ್ನೆ ಮೊನ್ನೆ ಬಂದ ಹುಡುಗಿಯರು ಕಿಟಕಿ ಪಕ್ಕ ಕೂತು, "ಅಕ್ಕಾ, ಪ್ಲಾಸ್ಟರ್ ಚೂರು ಗಟ್ಟಿ ಕಲಸಿ" ಎಂದರೆ ಅವಳ ಮೈ ಉರಿದುಹೋಗುತ್ತಿತ್ತು. ಆದರೂ ಕಲಸಿದಳು, ಅಂಗೈಯಿಂದ, ಮೊಣಕೈಯಿಂದ.

ಆರನೇ ತಿಂಗಳು ಡಾಕ್ಟರಮ್ಮ ರಕ್ತದ ವರದಿ ನೋಡಿ ನಿಟ್ಟುಸಿರುಬಿಟ್ಟರು. "ಕೆಲವರಿಗೆ ಹೀಗಾಗುತ್ತಮ್ಮ. ಮೊದಲು ಹಿಡಿಯುತ್ತೆ, ಆಮೇಲೆ ದೇಹ ಆ ಔಷಧಿ ಮೇಲೇ ತಿರುಗಿಬೀಳುತ್ತೆ. ಒಂದು ಸೂಜಿ ಉಳಿದಿದೆಯಲ್ಲ, ತಂದು ವಾಪಸ್ ಕೊಡಿ." ಅಲ್ಲಿಗೆ ಅವಳ ಹೆಸರು ಹೊಡೆದು ಹಾಕಿದರು. ಹಲ್ಲಕ್ಕ ತನ್ನ ಮೈಯನ್ನೇ ಬೈದುಕೊಂಡು ಮನೆಗೆ ಬಂದಳು. ಉಂಡ ಮನೆಗೆ ಎರಡು ಬಗೆಯುವ ದರಿದ್ರ ಮೈ ಎಂದಳು. ಗಂಡ, "ಹಾಗನ್ಬೇಡ ಕಣೇ" ಎಂದು ಕಣ್ಣೊರೆಸಿಕೊಂಡ.

ಮಾರನೇ ದಿನ ಮಧ್ಯಾಹ್ನ, ಅವನ ಕೆಲಸದ ಜಾಗದಿಂದಲೇ ಸೂಜಿ ಪಡೆದುಕೊಂಡು ಅವಳು ನೇರ ಆಸ್ಪತ್ರೆಗೆ ಹೋದಳು. ದಾರಿ ಹತ್ತು ನಿಮಿಷದ್ದು, ಕರಗಲು ಸಾಲಲಿಲ್ಲ. ನರ್ಸ್ ಪೆಟ್ಟಿಗೆ ತೆರೆದು ಬೆಳಕಿಗೆ ಹಿಡಿದಳು. ಒಳಗೆ ಮಂಜುಗಡ್ಡೆ.

"ಇದನ್ನ ಎಲ್ಲಿಟ್ಟಿದ್ರಿ?"

"ನಮ್ಮೆಜಮಾನ್ರ ಕೋಲ್ಡ್ ಸ್ಟೋರೇಜಲ್ಲಿ."

"ಎಲ್ಲಾನೂ? ಹತ್ತೂ?"

ಡಾಕ್ಟರಮ್ಮ ಬಂದರು. ಹೆಪ್ಪುಗಟ್ಟಿದರೆ ಈ ಪ್ರೋಟೀನು ಮುದುಡಿ ಗಂಟಾಗುತ್ತದೆ, ಕರಗಿಸಿದರೂ ಮೊದಲಿನಂತಾಗುವುದಿಲ್ಲ, ಟಿಎನ್ಎಫ್ ಅನ್ನು ಹಿಡಿಯುವ ಶಕ್ತಿ ಹೋಗಿರುತ್ತದೆ ಎಂದರು. "ಹೆಪ್ಪುಗಟ್ಟಿಸಬಾರದು" ಎಂದು ಚೀಟಿಯ ಎರಡನೇ ಸಾಲಿನಲ್ಲೇ ಇತ್ತು. ಔಷಧಿ ಅವಳಿಗೆ ಒಗ್ಗಿತ್ತು. ಮೊದಲೆರಡು ಸೂಜಿಯ ನಂತರ ಅವಳಿಗೆ ಔಷಧಿಯೇ ಸಿಕ್ಕಿರಲಿಲ್ಲ. ಮತ್ತೆ ಅರ್ಜಿ ಹಾಕಬಹುದು, ಒಂದು ವರ್ಷ ಕಾಯಬೇಕು, ಮುಂದಿನ ಹಾನಿ ತಡೆಯಬಹುದು. ಆಗಿಹೋದದ್ದು? ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಗೆಣ್ಣಿನ ಅಂಚುಗಳು ಇಲಿ ಕಡಿದ ಬ್ರೆಡ್ಡಿನಂತಿದ್ದವು.

ಸಂಜೆ ಐಸಣ್ಣ ಬಾಗಿಲಲ್ಲೇ ಕಾಯುತ್ತಿದ್ದ. "ಏನಂದ್ರು?"

ಹಲ್ಲಕ್ಕ ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

"ಒಂದು ದಿನಾನೂ ಹದಿನೆಂಟರಿಂದ ಮೇಲೆ ಹೋಗೋಕೆ ಬಿಟ್ಟಿಲ್ವಲ್ಲೇ" ಎಂದ. "ಭಾನುವಾರಾನೂ ಹೋಗಿ ನೋಡ್ಕೊಂಡು ಬರ್ತಿದ್ದೆ. ಒಳ್ಳೇದಕ್ಕೇ ಮಾಡಿದ್ನಲ್ಲೇ."

"ಗೊತ್ತು ಕಣ್ರೀ. ಅದೇ ನನ್ನ ಕರ್ಮ. ಬೇಕೂಂತ ಮಾಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಬಾಯಿಗೆ ಬಂದಂಗೆ ಬೈದು, ಚೀಲ ತಗೊಂಡು ಹೋಗ್ತಿದ್ದೆ. ಈಗ ಯಾರನ್ನ ಬೈಲಿ? ಹೇಳಿ, ಯಾರನ್ನ ಬೈಲಿ ನಾನು?"

ಅವಳಿಗೆ ಅವನ ಮುಖ ನೋಡಲು ಇಷ್ಟವಿರಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಹಾಸಿಗೆಯ ಅಂಚಿನಲ್ಲಿ ಕೂತು ಬೆಳಿಗ್ಗೆ ಅವನು ತೊಡಿಸಿದ್ದ ಲ್ಯಾಬ್ ಕೋಟಿನ ಗುಂಡಿಗೆ ಕೈಹಾಕಿದಳು. ಮೇಲಿನದು ಬರಲಿಲ್ಲ. ಎರಡನೆಯದನ್ನು ಎರಡೂ ಕೈಯಿಂದ ಎಳೆದಳು, ಅದೂ ಬರಲಿಲ್ಲ. ಕೂತಳು. ಕೋಣೆ ಸೆಕೆಯಾಗಿತ್ತು, ಕತ್ತಿನ ಹತ್ತಿರ ಉಸಿರುಗಟ್ಟುತ್ತಿತ್ತು. ಅರ್ಧ ಗಂಟೆ ಹಾಗೇ ಹಟಹಿಡಿದಳು.

ಕೊನೆಗೆ ಎದ್ದು ಬಂದು ಅವನೆದುರು ನಿಂತಳು.

"ಬಿಚ್ಚಿ" ಎಂದಳು.

ಅವನು ಒಂದೊಂದೇ ಗುಂಡಿ ಬಿಚ್ಚಿದ. ಅವನ ಬೆರಳುಗಳು ಸಲೀಸಾಗಿ ಬಗ್ಗುತ್ತಿದ್ದವು. ಅವಳು ಆ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು.