ಪೂಜೆಗೆ ಕೂತ ಪಠ್ಯಕ್ರಮ

ನಾನು ಬಿ.ಎಡ್. ಮಾಡಿದವಳು. ಮಾಡಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಅರಕೆರೆಯ ನಮ್ಮ ನಡುಮನೆಯಲ್ಲಿ ನೇತುಹಾಕಿ, ಹತ್ತು ವರ್ಷ ಅದರ ಧೂಳು ಒರೆಸುತ್ತ ಮುದ್ದೆ ತಿರುವಿದವಳು. ಹಾಗಾಗಿ ಇಬ್ಬರು ಹೆಣ್ಣುಮಕ್ಕಳನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆಂದು ಹೊರಟಾಗ ನನಗೆ ಒಂಚೂರೂ ಹೆದರಿಕೆಯಾಗಲಿಲ್ಲ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಾರಣ ಇತ್ತು. ದೊಡ್ಡವಳಿಗೆ ಒಂಬತ್ತು ವರ್ಷ. ಬಾಯಿಲೆಕ್ಕದಲ್ಲಿ ಅವರಪ್ಪನನ್ನೇ ಸೋಲಿಸುತ್ತಾಳೆ, ಒಮ್ಮೆ ಕೇಳಿದ ಕತೆಯನ್ನು ಚಾಚೂ ತಪ್ಪದೆ ಒಪ್ಪಿಸುತ್ತಾಳೆ. ಆದರೆ ಪುಸ್ತಕ ತೆರೆದರೆ ಅಕ್ಷರಗಳು ಅವಳ ಕಣ್ಣಿಗೆ ನಿಲ್ಲುವುದಿಲ್ಲ. ವ, ಮ, ಪ ಮೂರೂ ಒಂದೇ ಬಟ್ಟೆಯ ಲಂಗ ತೊಟ್ಟ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಮೈಸೂರಿನ ಡಾಕ್ಟರು ಇದು ದಡ್ಡತನ ಅಲ್ಲ, ಓದಿನ ತೊಡಕು, ಬೇರೆ ದಾರಿಯಲ್ಲಿ ಕಲಿಸಬೇಕು ಅಂದಿದ್ದರು. ಚಿಕ್ಕವಳಿಗೆ ಏಳು. ಗೊಬ್ಬರದ ಚೀಲದಿಂದ ಹಿಡಿದು ಬಸ್ಸಿನ ಬೋರ್ಡಿನ ತನಕ ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು, ಮೂರು ನಿಮಿಷ ಒಂದು ಕಡೆ ಕೂರುವುದಿಲ್ಲ. ಶಾಲೆಯವರು ಒಳ್ಳೆಯವರೇ. ಕನ್ನಡದ ಪೀರಿಯಡ್ಡಿಗೆ ದೊಡ್ಡವಳನ್ನು ಎರಡನೇ ಕ್ಲಾಸಿನಲ್ಲಿ, ತಂಗಿಯ ಪಕ್ಕ ಕೂರಿಸೋಣ ಅಂದರು. ಅವತ್ತು ಸಂಜೆ ಅವಳು ಕೊಟ್ಟಿಗೆಯಲ್ಲಿ ಎಮ್ಮೆಯ ಮೈ ಸವರುತ್ತ, ನನ್ನ ಮುಖ ನೋಡದೆ ಒಂದೇ ಮಾತು ಹೇಳಿದಳು.

"ಎಲ್ ಬೇಕಾದ್ರೂ ಕೂರ್ತೀನಿ ಕಣಮ್ಮ. ಅವಳ ಪಕ್ಕ ಮಾತ್ರ ಕೂರಿಸ್ಬೇಡ."

ಆ ರಾತ್ರಿಯೇ ಶಾಲೆ ಬಿಡಿಸುವ ಮಾತು ತೆಗೆದೆ. ನಮ್ಮ ಯಜಮಾನರು ಶ್ರೀರಂಗಪಟ್ಟಣದಲ್ಲಿ ಕಚೇರಿ ಕೆಲಸದವರು, ಯಾವುದಕ್ಕೂ ಒಂದು ಗಡುವು ಇಡದೆ ಒಪ್ಪುವವರಲ್ಲ. ದಸರಾ ತನಕ ನೋಡೋಣ ಅಂದರು. ವಿಜಯದಶಮಿಯ ದಿನ ದೊಡ್ಡವಳು ಯಾರ ನೆರವೂ ಇಲ್ಲದೆ ಒಂದು ಸಾಲು ಓದಿದರೆ ಮನೆಪಾಠ ಮುಂದುವರಿಯಲಿ, ಇಲ್ಲದಿದ್ದರೆ ರಜೆ ಮುಗಿದ ಮೇಲೆ ಶಾಲೆ, ಶಾಲೆಯವರು ಹೇಳಿದ, ತಂಗಿಯ ಪಕ್ಕದ ಬೆಂಚು. ಒಂದು ಸಾಲು ತಾನೇ! ನಾನು ಹೂಂ ಅಂದುಬಿಟ್ಟೆ.

ಪಠ್ಯಕ್ರಮ ಆರಿಸುವುದೂ ಸೀರೆ ಆರಿಸುವುದೂ ಒಂದೇ, ಅಂಗಡಿ ಹೊಕ್ಕರೆ ಎಲ್ಲವೂ ಬೇಕು. ಪಾಂಡವಪುರದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಸಿಕ್ಕಿದರು. ಅವರದು ಕಾಪಿ ಬರೆಸುವ ಪದ್ಧತಿ, ಐದು ಪುಸ್ತಕ ಕೊಟ್ಟರು. ಕೆ.ಆರ್. ಪೇಟೆಯಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವ ದಂಪತಿ ಇದ್ದರು. ಅವರ ಪ್ರಕಾರ ಪುಸ್ತಕವೇ ಬೇಡ, ಮಗು ತಾನಾಗಿ ಕೇಳಿದ್ದನ್ನು ಕಲಿಸಿದರೆ ಸಾಕು. ನಾಗಮಂಗಲದ ಕಡೆ ಹೊಣಕೆರೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಮರದ ಅಕ್ಷರ, ಮಣಿ, ಬಣ್ಣದ ಕಾರ್ಡು ತುಂಬಿದ ಒಂದು ದೊಡ್ಡ ಡಬ್ಬವನ್ನೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ಮೂರರಲ್ಲಿ ಯಾವುದು ಸರಿ? ನಾನು ಮೂರನ್ನೂ ಇಟ್ಟುಕೊಂಡೆ. ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಟೈಂಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿ, ನಾನೇ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ ಹಿಗ್ಗಿದೆ.

ಆಮೇಲಿನದು ಹೇಳಿದರೆ ನಗು. ಪಾಂಡವಪುರದ ಕಾಪಿ ಪುಸ್ತಕದಲ್ಲಿ ದೊಡ್ಡವಳು ಹೂವು ಬಳ್ಳಿ ಬರೆದಳು. ಕೆ.ಆರ್. ಪೇಟೆಯವರ ಮಾತು ಕೇಳಿ ಲೆಕ್ಕ ಕಲಿಸಲು ಕರಿಘಟ್ಟದ ಮೆಟ್ಟಿಲು ಎಣಿಸಲು ಕರೆದುಕೊಂಡು ಹೋದೆ. ದೊಡ್ಡವಳು ಒಂದೂ ಬಿಡದೆ ಎಣಿಸಿದಳು. ಚಿಕ್ಕವಳು ಅಷ್ಟರಲ್ಲಿ ಎರಡು ಸಲ ಹತ್ತಿಳಿದು, ಕಲ್ಲಿನ ಮೇಲಿದ್ದ ದಾನಿಗಳ ಹೆಸರನ್ನೆಲ್ಲ ಬೆಟ್ಟಕ್ಕೇ ಕೇಳುವಂತೆ ಕೂಗಿದಳು. ನಾನು ಏದುಸಿರು ಬಿಡುತ್ತ ನಡುವೆಯೇ ಕೂತೆ. ಹೊಣಕೆರೆಯ ಡಬ್ಬದ ಮರದ 'ಠ' ಅಕ್ಷರವನ್ನು ನಮ್ಮತ್ತೆ ಅಲುಗಾಡುತ್ತಿದ್ದ ಬೀರುವಿನ ಕಾಲಡಿಗೆ ಕೊಟ್ಟಿದ್ದರು. ಬೀರು ನೆಟ್ಟಗೆ ನಿಂತಿತು, ನಾನು 'ಠ' ಕಲಿಸುವುದನ್ನು ಕೈಬಿಟ್ಟೆ.

ನಾಲ್ಕು ತಿಂಗಳಲ್ಲಿ ದೊಡ್ಡವಳು ಕಲಿತದ್ದು ಒಂದೇ: ಅಕ್ಷರ ಬಿಟ್ಟು ನನ್ನ ಮುಖ ನೋಡಿ ಊಹಿಸುವುದು. ಅವಳು ತಡವರಿಸುವಷ್ಟರಲ್ಲಿ ಅಂಗಳದಲ್ಲಿ ಓಡುತ್ತಿದ್ದ ಚಿಕ್ಕವಳು ಕಿಟಕಿಯಿಂದ ತಲೆ ತೂರಿಸಿ ಉತ್ತರ ಕೂಗಿಬಿಡುತ್ತಿದ್ದಳು. ಅಕ್ಕ ಪುಸ್ತಕ ಮುಚ್ಚುತ್ತಿದ್ದಳು. ನಾನು ಚಿಕ್ಕವಳಿಗೆ ಬೈಯುತ್ತಿದ್ದೆ. ಹೀಗೇ ದಸರಾ ಬಂತು.

ಇನ್ನು ಮೂರೇ ದಿನ ಉಳಿದಿದ್ದವು. ಬೆಳಗ್ಗೆಯಿಂದ ಸಂಜೆಯ ತನಕ ಓದಿಸಿಯೇ ತೀರುತ್ತೇನೆಂದು ಸೆರಗು ಸಿಕ್ಕಿಸಿಕೊಂಡು ನಡುಮನೆಗೆ ಬಂದರೆ ಒಂದು ಪುಸ್ತಕವೂ ಇಲ್ಲ! ನಮ್ಮತ್ತೆ ಶಾಲೆಯ ಮುಖ ಕಂಡವರಲ್ಲ. ಅದಕ್ಕೇ ಇರಬೇಕು, ಅವರಿಗೆ ಸರಸ್ವತಿ ಪೂಜೆ ಅಂದರೆ ಎಲ್ಲ ಹಬ್ಬಕ್ಕಿಂತ ಜಾಸ್ತಿ. ದೇವರ ಮುಂದೆ ಹೊಣಕೆರೆಯ ಡಬ್ಬದ ಮೇಲೆ ಪಾಂಡವಪುರದ ಪುಸ್ತಕಗಳನ್ನು ಗೋಪುರದಂತೆ ಪೇರಿಸಿ, ಮೇಲೆ ಟೈಂಟೇಬಲ್ ಹೊದಿಸಿ, ಪೆನ್ಸಿಲ್ಲು, ರಬ್ಬರು, ಕೊನೆಗೆ ಗೋಡೆಯ ಮೇಲಿದ್ದ ನನ್ನ ಬಿ.ಎಡ್. ಸರ್ಟಿಫಿಕೇಟನ್ನೂ ಕಟ್ಟಿನ ಸಮೇತ ಇಳಿಸಿ, ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿದ್ದರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಯಾರೂ ಓದುವಂತಿಲ್ಲ. ನಾನು ಗೋಗರೆದೆ, ಸಿಡುಕಿದೆ, ಒಂದೇ ಒಂದು ಪುಸ್ತಕ ಕೊಡಿ ಅಂದೆ.

"ಮುಟ್ಟಂಗಿಲ್ಲ ಕಣವ್ವ," ಅಂದರು ಅತ್ತೆ. "ನಿನ್ ಕೈಲಿ ಸಿಕ್ಕಿ ಸರಸ್ವತಿಗೂ ಸಾಕಾಗ್ಯದೆ. ಮೂರ್ ದಿನ ಒಸಿ ಉಸಿರಾಡ್ಲಿ ಬುಡು."

ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ಹಾಯಾಗಿ ಆಯುಧಪೂಜೆಯ ಚಕ್ಕುಲಿಗೆ ಹಿಟ್ಟು ಕಲಸಿ, ದೊಡ್ಡವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅತ್ತೆ ಚಕ್ಕುಲಿ ಒರಳು ಒತ್ತುತ್ತಿದ್ದರು, ಬಾಳೆಲೆಯ ಮೇಲೆ ಇಳಿದ ಎಳೆಯನ್ನು ಇವಳು ಬೆರಳಲ್ಲಿ ಸುತ್ತುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ನಗು ಕೇಳಿಸಿತು. ಹೋಗಿ ನೋಡಿದರೆ ಎಲೆಯ ತುಂಬ ಅಕ್ಷರ! ಸೊಟ್ಟಗಿದ್ದವು, ಊದಿಕೊಂಡಿದ್ದವು, ಆದರೂ ಅಕ್ಷರಗಳೇ. ಇದೇನು ಮಗ ಎಂದು ಅತ್ತೆ ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದರು. ನೋಡಿ ಊಹಿಸಲು, ಉತ್ತರ ಗೊತ್ತಿದ್ದ ಮುಖವೇ ಅಲ್ಲಿ ಇರಲಿಲ್ಲ.

"ಇದು ವ ಕಣಜ್ಜಿ," ಅಂದಳು ಇವಳು, ಎಳೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳು ನಡೆಸುತ್ತ. "ಇದುಕ್ಕೊಂದು ಬಾಲ ಅಂಟಿಸಿದ್ರೆ ಮ ಆಯ್ತದೆ."

ನಾನು ಬಾಗಿಲಲ್ಲೇ ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ಒಳಗೆ ಕಾಲಿಟ್ಟರೆ ಕೆಟ್ಟಿತು! ಮೂರು ದಿನ ನಮ್ಮ ಮನೆಯಲ್ಲಿ ವರ್ಣಮಾಲೆ ಎಣ್ಣೆಯಲ್ಲಿ ಬೆಂದಿತು. ಅಕ್ಷರ ತಿಂದರೆ ವಿದ್ಯೆ ಒಳಗೆ ಹೋಗುತ್ತದೆಂದು ಅತ್ತೆ ಸಿಕ್ಕಸಿಕ್ಕವರಿಗೆ ಹಂಚಿದರು. ಡೈರಿಗೆ ಹಾಲು ಹಾಕಲು ಹೋದ ಯಜಮಾನರ ಜೇಬಿನಲ್ಲೂ ಎರಡು ಒತ್ತಕ್ಷರ ಇದ್ದವು. ಚಿಕ್ಕವಳು ಸ್ವರಗಳನ್ನೆಲ್ಲ ಒಬ್ಬಳೇ ಮುಗಿಸಿ ಹೊಟ್ಟೆನೋವೆಂದು ಮಲಗಿದಳು.

ವಿಜಯದಶಮಿಯ ಬೆಳಗ್ಗೆ ಅತ್ತೆ ಪೂಜೆ ಇಳಿಸಿದರು. ಯಜಮಾನರು ಮೇಲಿನ ಪುಸ್ತಕ ತೆಗೆದು, ಯಾವುದೋ ಪುಟ ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಚಾಪೆಯ ಮೇಲೆ ದೊಡ್ಡವಳು, ಗೋಡೆಗೆ ಒರಗಿ ಅತ್ತೆ. ನಾನು ಬೇಕೆಂದೇ ಅವಳ ಬೆನ್ನ ಹಿಂದೆ ನಿಂತೆ. ಅವಳು ಸಾಲು ನೋಡಿದಳು, ತೊಡೆಯ ಮೇಲೆ ಬೆರಳಲ್ಲಿ ಕಾಣದ ಎಳೆಯೊಂದನ್ನು ಸುತ್ತಿದಳು.

"ಮಾ..." ಅಂದಳು. ಮತ್ತೆ ಸುತ್ತಿದಳು. "ಮಾವಿನ..."

ಎಷ್ಟು ಹೊತ್ತಾಯಿತೋ. ಹಾಲಿನ ವ್ಯಾನು ಬಂದು ಹಾರ್ನ್ ಹೊಡೆದು ಹೋಯಿತು. "ಮರದ ಮೇಲೆ" ಎಂಬಲ್ಲಿಗೆ ಬಂದಾಗ ಯಜಮಾನರೇ ತಡೆಯಲಾರದೆ ಬಾಯಿ ತೆರೆದರು, ಅತ್ತೆ ಕಣ್ಣು ಬಿಟ್ಟ ರಭಸಕ್ಕೆ ಮತ್ತೆ ಬಾಯಿ ಮುಚ್ಚಿದರು. ಮುಂದಿನ ಪದಕ್ಕೆ ಅವಳ ಬೆರಳು ನಿಂತುಬಿಟ್ಟಿತು. ಚಿಕ್ಕವಳು ಈಗ ಕೂಗುತ್ತಾಳೆ, ಎಲ್ಲ ಮುಗಿಯಿತು ಅಂದುಕೊಂಡು ಕಿಟಕಿಯ ಕಡೆ ನೋಡಿದೆ. ಅಲ್ಲಿ ಇರಲಿಲ್ಲ. ಚಾಪೆಯ ಆ ತುದಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಎರಡೂ ಅಂಗೈಯಲ್ಲಿ ಬಾಯಿ ಅದುಮಿ ಹಿಡಿದು, ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಕಾಲ್ಬೆರಳೂ ಅಲುಗಿಸದೆ ಕೂತಿದ್ದಳು. ಮೊದಲಿನಿಂದಲೂ ಅಲ್ಲೇ ಇದ್ದಳಂತೆ, ನಾನೇ ಗಮನಿಸಿರಲಿಲ್ಲ.

"ಪಾರಿ... ಪಾರಿವಾಳ ಕೂತಿದೆ," ಅಂದಳು ದೊಡ್ಡವಳು.

ಅತ್ತೆ ಎರಡೂ ಕೈಯಲ್ಲಿ ಅವಳ ಕೆನ್ನೆ ನೀವಿ ನೆಟಿಗೆ ಮುರಿದರು. ಯಜಮಾನರು, ಅದೆಲ್ಲ ಸರಿ, ನಾಳೆಯ ಪಾಠ ಯಾವುದು ಎಂದು ನನ್ನನ್ನು ಕೇಳಿದರು. ಅಳುವೂ ನಗುವೂ ಒಟ್ಟಿಗೆ ನುಗ್ಗಿಬಂದು ನಾನು ಮತ್ತೆ ಬಾಯಿಗೆ ಸೆರಗು ತುರುಕಿಕೊಂಡೆ. ದೊಡ್ಡವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಇನ್ನೂ ಬಾಯಿ ಮುಚ್ಚಿಕೊಂಡೇ ಕೂತಿದ್ದ ತಂಗಿಯನ್ನು ನೋಡಿದಳು. ಚಾಪೆಯ ಮೇಲೆ ಒಂದು ಗೇಣು ಆ ಕಡೆ ಸರಿದು ಜಾಗ ಮಾಡಿದಳು.

"ಬಾರೇ," ಅಂದಳು. "ನನ್ ಪಕ್ಕ ಕೂತ್ಕೊ."